ಪರಿಚಯವಿಲ್ಲದ ಹತ್ತು ಮಂದಿಯ ನಡುವೆ

ಪುಣೆಯಲ್ಲಿ ಮಳೆ ಹಿಡಿಯುವ ಹೊತ್ತಿಗೆ ಶಾಲಾ ಕ್ರೀಡಾಕೂಟಗಳ ಕಾಲ ಶುರುವಾಗುತ್ತದೆ. ಅದರ ಬೆನ್ನಿಗೇ ನನಗೆ ಫೋನ್ ಕರೆಗಳೂ ಶುರುವಾಗುತ್ತವೆ. ಕರೆ ಮಾಡುವವರು ಬೇರೆ ಬೇರೆ, ಮಾತು ಮಾತ್ರ ಒಂದೇ: "ಸರ್, ಮಗನ ಹಾಕಿ ಸೆಲೆಕ್ಷನ್ ಇದೆ. ಹದಿನೈದು ದಿನ ಉಳಿದಿದೆ. ಸ್ವಲ್ಪ ತಯಾರು ಮಾಡಿಕೊಡಿ." ಹೆಚ್ಚಿನವರು ಪಿಂಪರಿ-ಚಿಂಚವಡದ ಕಾರ್ಖಾನೆಗಳನ್ನು ನೆಚ್ಚಿಕೊಂಡು ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದು ನೆಲೆಸಿದವರು. ಅವರ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷ್, ಮೈದಾನದಲ್ಲಿ ಇವೆಲ್ಲದರ ಜೊತೆಗೆ ಹಿಂದಿ. ನಾನು ಹುಬ್ಬಳ್ಳಿಯಲ್ಲಿ ಹಾಕಿ ಆಡಿ ಬೆಳೆದವನು, ನೌಕರಿಗೆಂದು ಇಲ್ಲಿಗೆ ಬಂದು ಇಲ್ಲಿಯೇ ನಿವೃತ್ತನಾದವನು. ಸರ್ಟಿಫಿಕೇಟ್ ಪಡೆದ ಕೋಚ್ ಅಲ್ಲ. ಮಕ್ಕಳಿಗೆಲ್ಲ ನಾನು ಕಾಕಾ. ಈ ಒಂದು ವಿಷಯದಲ್ಲಾದರೂ ಕನ್ನಡದವರಿಗೂ ಮರಾಠಿಯವರಿಗೂ ಗಡಿ ತಂಟೆ ಇಲ್ಲ.

ಹದಿನೈದು ದಿನದಲ್ಲಿ ಯಾರೂ ಹಾಕಿ ಕಲಿಯುವುದಿಲ್ಲ. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ. ಆದರೆ ಟ್ರಯಲ್ಸ್, ಅಂದರೆ ಆಯ್ಕೆಗೆಂದು ಆಡಿಸುವ ಪಂದ್ಯ, ಹಾಕಿಗಿಂತ ಸ್ವಲ್ಪ ಬೇರೆಯೇ ಆದ ಆಟ. ಅದಕ್ಕೆ ತಯಾರಾಗಲು ಹದಿನೈದು ದಿನ ಕಡಿಮೆಯೇನಲ್ಲ. ಅಪ್ಪ ಅಮ್ಮಂದಿರು ಕೇಳುವುದು ಮೂರು ವಸ್ತು: ಡ್ರಿಬ್ಲಿಂಗ್, ಜೋರಾದ ಹಿಟ್, ಓಟದ ವೇಗ. ಮಕ್ಕಳು ಮೊಬೈಲಿನಲ್ಲಿ ನೋಡಿಕೊಂಡು ಬಂದ ತಂತ್ರವೊಂದನ್ನು ನಾಲ್ಕನೆಯದಾಗಿ ಸೇರಿಸುತ್ತಾರೆ. ಚೆಂಡನ್ನು ಸ್ಟಿಕ್ಕಿನ ಮೇಲೆ ಎತ್ತಿ ಕುಣಿಸುತ್ತ ಮೂವರನ್ನು ದಾಟುವ ಆಟ ಅದು. ವಿಡಿಯೊದಲ್ಲಿ ಆ ಮೂವರೂ ಕಂಬಗಳಂತೆ ನಿಂತಿರುತ್ತಾರೆ. ಇವೆಲ್ಲ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಮಗುವಿಗೆ ಅಲ್ಲಿ ಮೊದಲು ಎದುರಾಗುವ ಕಷ್ಟ ಇವುಗಳಲ್ಲಿ ಯಾವುದೂ ಅಲ್ಲ. ಬೇರೆ ಬೇರೆ ಶಾಲೆಗಳಿಂದ ಬಂದ, ಹೆಸರೂ ಗೊತ್ತಿಲ್ಲದ ಹತ್ತು ಮಂದಿಯ ನಡುವೆ ಅವನನ್ನು ನಿಲ್ಲಿಸಿ, ಅಂಗಿಯ ಮೇಲೆ ಒಂದೇ ಬಣ್ಣದ, ಸಂಖ್ಯೆ ಇರುವ ಬಿಬ್ ಹಾಕಿಸಿ, 'ಇದು ನಿನ್ನ ತಂಡ, ಆಡು' ಎಂದುಬಿಡುತ್ತಾರೆ. ವರ್ಷವಿಡೀ ಗೆಳೆಯರ ಜೊತೆಯಲ್ಲೇ ಆಡಿದ ಹುಡುಗ ಅಲ್ಲಿ ತಬ್ಬಿಬ್ಬಾಗುತ್ತಾನೆ. ತನ್ನ ಶಾಲೆಯ ಗೆಳೆಯ ಇಂಥ ಕಡೆ ಓಡುತ್ತಾನೆಂದು ಅವನ ಕೈಗೆ ಗೊತ್ತು. ಈ ಹೊಸಬ ಎಲ್ಲಿ ಓಡುತ್ತಾನೋ ದೇವರಿಗೇ ಗೊತ್ತು.

ಒಂದು ಸಣ್ಣ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸುತ್ತೇನೆ. ಟ್ರಯಲ್ಸ್ ಪಂದ್ಯ ಸಾಮಾನ್ಯವಾಗಿ ಒಂದು ಕ್ವಾರ್ಟರಿನಷ್ಟು, ಅಂದರೆ 15 ನಿಮಿಷ. ಮಕ್ಕಳ ಸಂಖ್ಯೆ ಹೆಚ್ಚಿದ್ದರೆ ಅದೂ ಇಲ್ಲ. ಅಂಗಳದಲ್ಲಿ 22 ಮಂದಿ, ಚೆಂಡು ಒಂದೇ. 900 ಸೆಕೆಂಡನ್ನು 22ರಿಂದ ಭಾಗಿಸಿದರೆ ಒಬ್ಬೊಬ್ಬರ ಪಾಲಿಗೆ 41 ಸೆಕೆಂಡೂ ಬರುವುದಿಲ್ಲ. ಚೆಂಡು ಹೊರಗೆ ಹೋದ ಹೊತ್ತು, ಅಂಪೈರ್ ಸೀಟಿ ಊದಿದ ಹೊತ್ತು ಕಳೆದರೆ ಇನ್ನೂ ಕಡಿಮೆ. ಉಳಿದ 14 ನಿಮಿಷ ಆಯ್ಕೆದಾರರು ನೋಡುವುದು ಚೆಂಡಿಲ್ಲದ ಹುಡುಗನನ್ನು. ಆ 14 ನಿಮಿಷದಲ್ಲಿ ನೀನು ಏನು ಮಾಡುತ್ತೀಯ ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಸುಮ್ಮನಾಗುತ್ತಾರೆ. ಒಬ್ಬ ಮಾತ್ರ ಪ್ರಾಮಾಣಿಕವಾಗಿ, "ಕಾಯುತ್ತೇನೆ ಕಾಕಾ" ಎಂದಿದ್ದ.

ಒಂದು ವರ್ಷ ಆಯ್ಕೆದಾರರ ಮೇಜಿನ ಪಕ್ಕ ಕುಳಿತು ಹಾಳೆಯಲ್ಲಿ ಬಿಬ್ ಸಂಖ್ಯೆ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯಾರು ಕರೆದರು, ಯಾವ ಟ್ರಯಲ್ಸ್ ಎಂಬುದು ಇಲ್ಲಿ ಬೇಡ. ಬೇಲಿಯ ಆಚೆ ನಿಂತು ನೋಡುವುದಕ್ಕೂ ಆ ಕುರ್ಚಿಯಿಂದ ನೋಡುವುದಕ್ಕೂ ಅಜಗಜಾಂತರ. ಬೇಲಿಯ ಆಚೆಯವರು ಗೋಲಿಗೆ ಚಪ್ಪಾಳೆ ತಟ್ಟುತ್ತಿದ್ದರು. ಮೇಜಿನಲ್ಲಿದ್ದ ಹಿರಿಯರೊಬ್ಬರು ಗೋಲು ಬಿದ್ದಾಗ ತಲೆಯನ್ನೇ ಎತ್ತಲಿಲ್ಲ, ಆದರೆ ಚೆಂಡು ಕಳೆದುಕೊಂಡ ಹುಡುಗನೊಬ್ಬ ತಿರುಗಿ ಮೂವತ್ತು ಮೀಟರ್ ಹಿಂದಕ್ಕೆ ಓಡಿ ಅದೇ ಚೆಂಡನ್ನು ಮರಳಿ ಕಸಿದಾಗ, "ಆ ಹಳದಿ ಒಂಬತ್ತು ಯಾರು?" ಎಂದು ಕೇಳಿ ಗುರುತು ಹಾಕಿಸಿದರು. ಇನ್ನೊಬ್ಬರು ನೋಡುತ್ತಿದ್ದುದು ಬರೀ ಮೊದಲ ಸ್ಪರ್ಶವನ್ನು. ಪಾಸ್ ಬಂದಾಗ ಚೆಂಡು ಸ್ಟಿಕ್ಕಿನಲ್ಲಿ ನಿಂತಿತೋ, ಎರಡು ಮೀಟರ್ ಪುಟಿದು ಹೋಯಿತೋ, ಅಷ್ಟೇ ಅವರ ಪರೀಕ್ಷೆ. ಬಿಸಿಲೇರಿದಂತೆ ಮೇಜಿನವರ ಕಣ್ಣೂ ದಣಿಯುತ್ತದೆ. ಆರನೆಯ ಪಂದ್ಯದ ಹೊತ್ತಿಗೆ ಗದ್ದಲದ ನಡುವೆ ಎದ್ದು ಕಾಣುವವನು ಚೆನ್ನಾಗಿ ಕುಣಿಸುವವನಲ್ಲ, ಗೊಂದಲವಿಲ್ಲದೆ ಆಡುವವನು.

ಇಲ್ಲಿ ತೊಡಕೊಂದಿದೆ. ಟ್ರಯಲ್ಸ್‌ನಲ್ಲಿ ಪಾಸ್ ಸಿಗುವುದೇ ಅಪರೂಪ. ಪ್ರತಿಯೊಬ್ಬನಿಗೂ ತನ್ನನ್ನು ತೋರಿಸಿಕೊಳ್ಳುವ ಆತುರ. ಚೆಂಡು ಸಿಕ್ಕವನು ಬಿಡುವುದಿಲ್ಲ, ಮೂವರ ನಡುವೆ ನುಗ್ಗಿ ಕಳೆದುಕೊಳ್ಳುತ್ತಾನೆ. ಹಾಗಾದರೆ ಪಾಸ್ ಕೊಡದವರ ನಡುವೆ ಚೆಂಡು ಪಡೆಯುವುದು ಹೇಗೆ? ಬೇಡಿದರೆ ಸಿಗದು, ಹಾಗಾಗಿ ಯಾರನ್ನೂ ಕೇಳಬೇಕಿಲ್ಲದ ಚೆಂಡುಗಳ ಹಿಂದೆ ಹೋಗು ಎನ್ನುತ್ತೇನೆ. ಎದುರಾಳಿಯ ಪಾಸನ್ನು ಮಧ್ಯದಲ್ಲೇ ತಡೆದರೆ ಅದು ನಿನ್ನದು. ಗೋಲ್‌ಕೀಪರ್‌ಗೆ ತಗುಲಿ ಮರಳಿದ ಚೆಂಡು ಮೊದಲು ತಲುಪಿದವನದು. ಎಲ್ಲಕ್ಕಿಂತ ಸುಲಭವಾದದ್ದು ಎದುರಾಳಿ ತಪ್ಪು ಮಾಡಿದಾಗ ಸಿಗುವ ಫ್ರೀ ಹಿಟ್. ಸೀಟಿ ಊದಿದ ಮೇಲೆ ಮಕ್ಕಳು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ, ಯಾರು ಹೊಡೆಯಬೇಕೆಂದು ಮುಖ ಮುಖ ನೋಡಿಕೊಳ್ಳುತ್ತಾರೆ. 2009ರಿಂದ ಫ್ರೀ ಹಿಟ್‌ನಲ್ಲಿ ಚೆಂಡನ್ನು ಇನ್ನೊಬ್ಬನಿಗೆ ಕೊಡಲೇಬೇಕೆಂಬ ಕಟ್ಟಳೆ ಇಲ್ಲ. ಚೆಂಡನ್ನು ನಿಲ್ಲಿಸಿ, ಮುಟ್ಟಿ, ತಾನೇ ಮುಂದಕ್ಕೆ ಒಯ್ಯಬಹುದು. ಎದುರಾಳಿಗಳು ಐದು ಮೀಟರ್ ದೂರ ಸರಿಯುವ ಮುನ್ನವೇ ಹೊರಟವನ ಮುಂದೆ ಬಯಲೇ ತೆರೆದಿರುತ್ತದೆ. ಸೈಡ್‌ಲೈನ್ ದಾಟಿ ಹೋದ ಚೆಂಡಿಗೂ ಇದೇ ಮಾತು. ಓಡಿ ಹೋಗಿ ಆ ಚೆಂಡನ್ನು ತೆಗೆದುಕೊಳ್ಳುವುದಕ್ಕೆ ಪ್ರತಿಭೆ ಬೇಕಿಲ್ಲ, ನಾಚಿಕೆ ಬಿಟ್ಟರೆ ಸಾಕು. ನಮ್ಮ ಕನ್ನಡದ ಮಕ್ಕಳಿಗೆ ಅದೇ ಕಷ್ಟ. 'ಮೊದಲು ಅವರು ತೆಗೆದುಕೊಳ್ಳಲಿ' ಎನ್ನುವ ಸಂಕೋಚವನ್ನು ಮನೆಯಲ್ಲಿ ಒಳ್ಳೆಯ ಗುಣವೆಂದು ಕಲಿಸಿರುತ್ತೇವೆ. ಮೈದಾನದ ಗೆರೆಯೊಳಗೆ ಅದನ್ನು ತರಬೇಡ ಎಂದು ಹೇಳಬೇಕಾಗುತ್ತದೆ.

ಹಾಗೆ ಸಿಕ್ಕಿದ ಚೆಂಡನ್ನು ಬೇಗ ಒಬ್ಬನಿಗೆ ಕೊಟ್ಟು ಓಡಬೇಕು. ಆ ಒಬ್ಬ ಮರಳಿ ಕೊಡುತ್ತಾನೆಂಬ ಖಾತರಿ ಇಲ್ಲ. ಆದರೂ ಎರಡು ಸಲ ಒಳ್ಳೆಯ ಪಾಸ್ ಪಡೆದ ಮೇಲೆ ಎಂಥ ಜಿಪುಣನೂ ಮೂರನೆಯ ಸಲ ತಲೆ ಎತ್ತಿ ಹುಡುಕುತ್ತಾನೆ. ಟ್ರಯಲ್ಸ್‌ನ ಆ ಗಡಿಬಿಡಿಯಲ್ಲೂ ಈ ಸಣ್ಣ ವ್ಯಾಪಾರ ನಡೆಯುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಆದ್ದರಿಂದ ನನ್ನ ತಯಾರಿಯ ದೊಡ್ಡ ಭಾಗ ಅಪರಿಚಿತರನ್ನು ಹುಡುಕುವುದು. ನಮ್ಮ ಗುಂಪಿನ ಮಕ್ಕಳನ್ನು ಭಾನುವಾರಗಳಲ್ಲಿ ಖಡಕಿಗೋ ನೆಹರೂನಗರಕ್ಕೋ ಕರೆದೊಯ್ದು, ಅಲ್ಲಿ ಆಡುತ್ತಿರುವ ಇನ್ನೊಂದು ಗುಂಪಿನ ಹಿರಿಯರ ಜೊತೆ ಮಾತಾಡಿ, ಎರಡೂ ಗುಂಪುಗಳನ್ನು ಕಲಸಿಬಿಡುತ್ತೇವೆ. ಇವರು ನಮ್ಮವರು, ಅವರು ಅವರವರು ಎಂದು ಎದುರುಬದುರು ನಿಲ್ಲಿಸಿದರೆ ಉಪಯೋಗವಿಲ್ಲ. ಅರ್ಧ ಅರ್ಧ ಬೆರೆಸಬೇಕು, ಅಣ್ಣ ತಮ್ಮಂದಿರಿದ್ದರೆ ಬೇರೆ ಬೇರೆ ಕಡೆ ಹಾಕಬೇಕು. ನನ್ನ ನಿಯಮ ಒಂದೇ: ಸೀಟಿ ಊದುವ ಮೊದಲು ನಿನ್ನ ಎಡಬಲದಲ್ಲಿ, ಹಿಂದೆ ಮುಂದೆ ನಿಂತವರ ಹೆಸರು ಕೇಳಿಟ್ಟುಕೊ. ಆಟದ ನಡುವೆ 'ಏ, ಏ' ಎಂದು ಕೂಗಿದರೆ ಹತ್ತು ಮಂದಿಯೂ ತಿರುಗುತ್ತಾರೆ, ಅಥವಾ ಒಬ್ಬನೂ ತಿರುಗುವುದಿಲ್ಲ. ಹೆಸರು ಹಿಡಿದು ಕೂಗಿದರೆ ಗೊತ್ತಿಲ್ಲದವನೂ ಚೆಂಡು ಕೊಡುತ್ತಾನೆ. ಮೊದಮೊದಲು ಮಕ್ಕಳು ಇದಕ್ಕೆ ಮುಜುಗರಪಡುತ್ತಾರೆ. ವಿಜಯಪುರದ ಕಡೆಯ ಒಬ್ಬ ಹುಡುಗನಂತೂ ಒಳ್ಳೆಯ ಡಿಫೆಂಡರ್, ಆದರೆ ಬಾಯಿ ಬಿಡುವವನಲ್ಲ. ಅವನಿಗೆ ಒಂದು ವಾರ ಆಟವನ್ನೇ ಕೊಡದೆ ಹಿಂದೆ ನಿಲ್ಲಿಸಿ, ಮುಂದಿನವರಿಗೆ ದಾರಿ ಹೇಳುವ ಕೆಲಸ ಕೊಟ್ಟೆ. "ಲೆಫ್ಟ್ ಖಾಲಿ", "ಹಿಂದೆ ಒಬ್ಬ ಇದ್ದಾನೆ", "ಬಿಡು, ನಾನಿದ್ದೇನೆ", ಇಷ್ಟೇ ಮಾತು, ಯಾವ ಭಾಷೆಯಲ್ಲಾದರೂ ಸರಿ. ವಾರದ ಕೊನೆಗೆ ಅವನು ಮರಾಠಿಯಲ್ಲಿ ಗದರುವುದನ್ನು ಕೇಳಿ ಅವನ ತಾಯಿ ಬೆರಗಾದರು. ಮನೆಯಲ್ಲಿ ನೀರು ಬೇಕೆಂದು ಕೇಳುವುದಕ್ಕೂ ಸನ್ನೆ ಮಾಡುತ್ತಾನಂತೆ.

ಇನ್ನು ನೆಲದ ವಿಷಯ. ನಮ್ಮ ಮಕ್ಕಳು ದಿನವೂ ಆಡುವುದು ಶಾಲೆಯ ಮುರಮಿನ ಮೈದಾನದಲ್ಲಿ. ಆಯ್ಕೆ ನಡೆಯುವುದು ಬಹಳ ಸಲ ಟರ್ಫ್ ಮೇಲೆ, ಅಂದರೆ ಕೃತಕ ಹುಲ್ಲಿನ ಮೇಲೆ. ಪಿಂಪರಿಯ ನೆಹರೂನಗರದಲ್ಲಿರುವ ಮೇಜರ್ ಧ್ಯಾನ್‌ಚಂದ್ ಹಾಕಿ ಕ್ರೀಡಾಂಗಣದಲ್ಲಿ 2021ರ ಡಿಸೆಂಬರ್‌ನಲ್ಲಿ ಹಿರಿಯ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಅಂಥ ಟರ್ಫ್‌ಗೆ ಮೊದಲ ಸಲ ಕಾಲಿಟ್ಟ ಮಗು ಮೊದಲು ನಗುತ್ತದೆ, ಆಮೇಲೆ ಗಾಬರಿಯಾಗುತ್ತದೆ. ಮಣ್ಣಿನ ಮೇಲೆ ಚೆಂಡು ಎಲ್ಲಿ ಪುಟಿಯುತ್ತದೋ ಹೇಳಲಾಗದು. ಹಾಗಾಗಿ ಮಕ್ಕಳು ನೆಟ್ಟಗೆ ನಿಂತು, ಸ್ಟಿಕ್ಕನ್ನು ಮುಂದೆ ಲಂಬವಾಗಿ ಹಿಡಿದು ಕಾಯುವುದನ್ನು ಕಲಿತಿರುತ್ತಾರೆ. ನೀರು ಹಾಯಿಸಿದ ಟರ್ಫ್ ಮೇಲೆ ಚೆಂಡು ಪುಟಿಯುವುದಿಲ್ಲ, ಜಾರಿಕೊಂಡು ಬರುತ್ತದೆ, ಅಂದಾಜಿಗಿಂತ ಅರ್ಧ ಗಳಿಗೆ ಮೊದಲೇ ಬರುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಕೃತಕ ಹುಲ್ಲಿನ ಮೇಲೆ ಹಾಕಿ ಆಡಿಸಿದಾಗ ಭಾರತ ಒಂದು ಪದಕವೂ ಇಲ್ಲದೆ ಮರಳಿತು, ಏಳನೆಯ ಸ್ಥಾನ. ಅಲ್ಲಿಯವರೆಗೆ ಒಲಿಂಪಿಕ್ಸ್‌ನಲ್ಲಿ ನಾವು ಬರಿಗೈಯಲ್ಲಿ ಬಂದದ್ದೇ ಇರಲಿಲ್ಲ. ಅಷ್ಟು ದೊಡ್ಡವರನ್ನೇ ಕಂಗೆಡಿಸಿದ ನೆಲ ಹದಿಮೂರರ ಹುಡುಗಿಯನ್ನು ಬಿಟ್ಟೀತೇ?

ಟರ್ಫ್ ಬೇಕೆಂದಾಗ ಸಿಗುವುದಿಲ್ಲ, ಸಿಕ್ಕರೆ ದುಡ್ಡು. ನಾವು ಕಂಡುಕೊಂಡ ದಾರಿ ನಮ್ಮ ಸೊಸೈಟಿಯ ನೆಲಮಾಳಿಗೆಯ ಪಾರ್ಕಿಂಗ್. ಮಳೆಗಾಲದಲ್ಲಿ ಮೈದಾನ ಕೆಸರಾದಾಗ ಅದೇ ಗತಿ. ನಯವಾದ ಸಿಮೆಂಟ್ ನೆಲ, ಚೆಂಡು ಟರ್ಫ್‌ಗಿಂತಲೂ ಬಿರುಸಾಗಿ ಹರಿಯುತ್ತದೆ. ಹಾಕಿ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ, ಗಟ್ಟಿ. ಕಾರುಗಳ ನಡುವೆ ಅದನ್ನು ಹೊಡೆಯುವಂತಿಲ್ಲ. ಹೊಡೆಯುವಂತಿಲ್ಲ ಎಂಬುದೇ ನಮಗೆ ಬೇಕಾದದ್ದು. ತಳ್ಳಬೇಕು, ಹಿಡಿಯಬೇಕು, ಅಷ್ಟೇ ಕೆಲಸ. ಬಾಗಲಕೋಟೆಯ ಕಡೆಯ ಹುಡುಗಿಯೊಬ್ಬಳು ಅಲ್ಲಿ ಮೊದಲ ದಿನ ನಿಂತಾಗ ಒಂದೂ ಚೆಂಡು ನಿಲ್ಲಲಿಲ್ಲ. ಎಲ್ಲವೂ ಸ್ಟಿಕ್ಕಿಗೆ ಬಡಿದು ಟಣ್ಣೆಂದು ದೂರ ಹಾರಿದವು. ಅವಳ ಕೈಗಳನ್ನು ನೋಡಿದೆ. ಎರಡೂ ಕೈ ಮೇಲ್ಗಡೆ ಒಟ್ಟಿಗೇ, ಬಲಗೈ ಬಿಗಿಮುಷ್ಟಿ. ಬಲಗೈಯನ್ನು ಸ್ಟಿಕ್ಕಿನ ಅರ್ಧದವರೆಗೆ ಇಳಿಸಿದೆವು, ಹಿಡಿತವನ್ನು ಸಡಿಲಿಸಿದೆವು. ಮೊಣಕಾಲು ಬಗ್ಗಿಸಿ ಕಣ್ಣನ್ನು ಚೆಂಡಿನ ಗೆರೆಗೆ ತಂದೆವು. ಆಮೇಲೆ ಎಡಗೈಯನ್ನು ಚೂರು ಮುಂದಕ್ಕೆ ತಳ್ಳಿದೆವು. ಆಗ ಸ್ಟಿಕ್ಕಿನ ಹಿಡಿ ಮುಂದಕ್ಕೆ ಬಾಗಿ, ಕೆಳಗಿನ ಕೊಕ್ಕೆ ಹಿಂದೆ ಉಳಿಯುತ್ತದೆ; ಬಂದ ಚೆಂಡಿಗೆ ಮೇಲೇಳಲು ಜಾಗವಿಲ್ಲ, ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಚೆಂಡು ತಗುಲುವ ಕ್ಷಣದಲ್ಲಿ ಕೈ ಒಂದಿಷ್ಟು ಹಿಂದಕ್ಕೆ ಸೋಲಬೇಕು. ಇದನ್ನು ಹೇಳಿದರೆ ತಿಳಿಯುವುದಿಲ್ಲ. ನೂರಾರು ಸಲ ಟಣ್ಣೆಂದ ಮೇಲೆ ಒಂದು ಸಲ ಸದ್ದು ಬದಲಾಗುತ್ತದೆ, ಮೊಂಡಾದ ಒಂದು 'ದಪ್' ಮಾತ್ರ ಕೇಳುತ್ತದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಏನೂ ಹೇಳದೆ ಇನ್ನೊಂದು ಚೆಂಡು ಬಿಟ್ಟೆ. ನಿಲ್ಲಿಸುವುದನ್ನು ಕಲಿತ ಮೇಲೆ ನಿಲ್ಲಿಸದಿರುವುದನ್ನು ಕಲಿಯಬೇಕು. ಅಂದರೆ ಮೊದಲ ಸ್ಪರ್ಶದಲ್ಲೇ ಚೆಂಡನ್ನು ಬಲಪಾದದ ಮುಂದಕ್ಕೆ, ಖಾಲಿ ಇರುವ ಕಡೆಗೆ ಒಯ್ಯಬೇಕು. ಮೇಜಿನಲ್ಲಿ ಮೊದಲ ಸ್ಪರ್ಶವನ್ನೇ ನೋಡುತ್ತಿದ್ದ ಆ ಇನ್ನೊಬ್ಬರು ಬರೆದುಕೊಳ್ಳುತ್ತಿದ್ದುದು ಇದನ್ನೇ.

ಸ್ಟಿಕ್ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬೆಳೆಯುವ ಮಗು ಎಂದು ಎರಡು ವರ್ಷಕ್ಕಾಗುವಷ್ಟು ದೊಡ್ಡ ಯೂನಿಫಾರ್ಮ್ ಹೊಲಿಸಿದ ಹಾಗೆ ನಮ್ಮವರು ಸ್ಟಿಕ್ಕನ್ನೂ ಉದ್ದದ್ದೇ ಕೊಳ್ಳುತ್ತಾರೆ. ಉದ್ದ ಸ್ಟಿಕ್ ಹಿಡಿದ ಮಗು ಬಗ್ಗುವುದಿಲ್ಲ. ಬಗ್ಗದ ಮಗುವಿಗೆ ಚೆಂಡು ನಿಲ್ಲುವುದಿಲ್ಲ. ಸ್ಟಿಕ್ಕನ್ನು ಪಕ್ಕದಲ್ಲಿ ನಿಲ್ಲಿಸಿದರೆ ಸೊಂಟದ ಮೂಳೆಯ ಹತ್ತಿರಕ್ಕೆ ಬಂದರೆ ಸಾಕು. ಎರಡನೆಯದು ಸ್ಟಿಕ್ಕಿನಲ್ಲಿ ಬೆರೆಸುವ ಕಾರ್ಬನ್ ನಾರು. ಅಂಗಡಿಯವರು ಕಾರ್ಬನ್ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ದುಬಾರಿ ಸ್ಟಿಕ್ ತೋರಿಸುತ್ತಾರೆ. ಕಾರ್ಬನ್ ಹೆಚ್ಚಾದಷ್ಟೂ ಸ್ಟಿಕ್ ಗಡುಸಾಗುತ್ತದೆ, ಹಿಟ್ ಜೋರಾಗುತ್ತದೆ ನಿಜ. ಕಲಿಯುವ ಕೈಗೆ ಮಾತ್ರ ಚೆಂಡು ನಿಲ್ಲದೆ ಪುಟಿಯುತ್ತದೆ. ಜಲಂಧರ್, ಮೀರತ್‌ಗಳಲ್ಲಿ ತಯಾರಾಗುವ ಸಾಧಾರಣ ಬೆಲೆಯ ಸ್ಟಿಕ್ ಈ ವಯಸ್ಸಿಗೆ ಧಾರಾಳ. ಉಳಿದ ಹಣದಲ್ಲಿ ಚಿಕ್ಕ ಚಿಕ್ಕ ರಬ್ಬರ್ ಗುಬುಟುಗಳಿರುವ ಟರ್ಫ್ ಶೂ, ಶಿನ್ ಗಾರ್ಡ್, ಮೌತ್ ಗಾರ್ಡ್ ಕೊಡಿಸಿ ಎನ್ನುತ್ತೇನೆ.

ಹಾಗೆಂದಾಗ ಒಬ್ಬರಲ್ಲ ಒಬ್ಬರು ಧನರಾಜ್ ಪಿಳ್ಳೈ ಹೆಸರು ತೆಗೆಯುತ್ತಾರೆ. ಪುಣೆಯಲ್ಲಿ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. 1968ರಲ್ಲಿ ಖಡಕಿಯ ತಮಿಳು ಕುಟುಂಬದಲ್ಲಿ ಹುಟ್ಟಿ, ಮದ್ದುಗುಂಡು ಕಾರ್ಖಾನೆಯ ಕಾಲೊನಿಯಲ್ಲಿ ಬೆಳೆದು, ಅಣ್ಣಂದಿರ ಜೊತೆ ಮುರಿದ ಸ್ಟಿಕ್ಕುಗಳಲ್ಲಿ ಆಡಿ, ನಾಲ್ಕು ಒಲಿಂಪಿಕ್ಸ್ ಮತ್ತು ನಾಲ್ಕು ವಿಶ್ವಕಪ್‌ಗಳಲ್ಲಿ ಆಡಿದವರು. "ಧನರಾಜ್ ಮುರಿದ ಸ್ಟಿಕ್ಕಿನಲ್ಲಿ ಕಲಿಯಲಿಲ್ಲವೇ ಸರ್, ಇವನಿಗೇಕೆ ಶೂ?" ಎಂದು ಅಪ್ಪನೊಬ್ಬ ಕೇಳಿದ. ಅವನ ಕೈಯಲ್ಲಿ ಆಗ ತಾನೇ ಕೊಂಡ ಹೊಸ ಮೊಬೈಲ್ ಇತ್ತು. ಅದರ ಬಗ್ಗೆ ನಾನು ಮಾತಾಡಲಿಲ್ಲ. ಧನರಾಜ್ ಕಥೆಯಿಂದ ನನ್ನ ಮಕ್ಕಳಿಗೆ ನಾನು ಹೇಳುವ ಭಾಗ ಬೇರೆ. ಆ ಮನೆಯಲ್ಲಿ ಹಾಕಿ ಆಡುವ ಅಣ್ಣಂದಿರಿದ್ದರು, ಸುತ್ತಲೂ ಆಡುವ ಬೀದಿಯೇ ಇತ್ತು. ತನಗಿಂತ ದೊಡ್ಡವರ, ಗಟ್ಟಿಗರ ನಡುವೆ ದಿನವೂ ಚೆಂಡಿಗಾಗಿ ಬಡಿದಾಡಬೇಕಿತ್ತು. ಅದಕ್ಕಿಂತ ಒಳ್ಳೆಯ ಟ್ರಯಲ್ಸ್ ತಯಾರಿ ನನಗೆ ಗೊತ್ತಿಲ್ಲ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೌಟುಂಬಿಕ ಹಾಕಿಯಲ್ಲೂ ಹೀಗೆಯೇ, ಶಾಲೆಯ ಹುಡುಗ ತನ್ನ ದೊಡ್ಡಪ್ಪ ಚಿಕ್ಕಪ್ಪಂದಿರ ಜೊತೆಗೆ ಒಂದೇ ಜೆರ್ಸಿ ತೊಟ್ಟು ಅಂಗಳಕ್ಕಿಳಿಯುತ್ತಾನೆ. ನಮ್ಮ ಪಿಂಪರಿಯ ಅಪಾರ್ಟ್‌ಮೆಂಟ್ ಮಕ್ಕಳು ಸದಾ ತಮ್ಮದೇ ವಯಸ್ಸಿನವರ ಜೊತೆ, ಗಂಟೆ ಲೆಕ್ಕದಲ್ಲಿ ಆಡುತ್ತಾರೆ. ಅದಕ್ಕೇ ತಿಂಗಳಿಗೊಮ್ಮೆಯಾದರೂ ಕಾಲೇಜು ಹುಡುಗರನ್ನು ಕಾಡಿ ಬೇಡಿ ಕರೆಸುತ್ತೇನೆ.

ಅರ್ಜಿಯಲ್ಲಿ ಯಾವ ಜಾಗದಲ್ಲಿ ಆಡುತ್ತೀಯ ಎಂಬ ಕಾಲಂ ಇರುತ್ತದೆ. ಹತ್ತರಲ್ಲಿ ಏಳು ಮಕ್ಕಳು ಫಾರ್ವರ್ಡ್ ಎಂದು ಬರೆಯುತ್ತಾರೆ ಎಂದರೆ ಉತ್ಪ್ರೇಕ್ಷೆ ಇರಬಹುದು, ಬಹಳ ಇಲ್ಲ. ಗೋಲು ಹೊಡೆದವನ ಫೋಟೊ ಬರುತ್ತದೆ, ಮನೆಯಲ್ಲೂ ಮೊದಲ ಪ್ರಶ್ನೆ "ಎಷ್ಟು ಗೋಲು ಹೊಡೆದೆ?" ಆದರೆ ಆಯ್ಕೆದಾರರಿಗೆ ಒಂದು ತಂಡ ಬೇಕು. ಅವರು ಹುಡುಕಿ ಸುಸ್ತಾಗುವುದು ಎಡಗಡೆಯವರಿಗಾಗಿ. ಹಾಕಿ ಸ್ಟಿಕ್ ಎಲ್ಲರಿಗೂ ಬಲಗೈಯದೇ. ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ, ಚೆಂಡನ್ನು ಅದರ ಚಪ್ಪಟೆ ಮುಖದಿಂದಲೇ ಆಡಬೇಕು. ಎದುರಾಳಿಯ ರೈಟ್ ವಿಂಗರ್ ಗೆರೆಯ ಪಕ್ಕದಲ್ಲಿ ನುಗ್ಗಿದಾಗ ಎಡಗಡೆ ಕಾಯುವ ನಮ್ಮ ಲೆಫ್ಟ್ ಹಾಫ್‌ಗೆ ಚೆಂಡು ಎಡಕ್ಕೆ, ಅಂದರೆ ಸ್ಟಿಕ್ಕನ್ನು ತಿರುಗಿಸಿ ಹಿಡಿಯಬೇಕಾದ ಕಡೆಗೆ ಬರುತ್ತದೆ. ಅಲ್ಲಿ ಎಡಗೈ ಒಂದರಲ್ಲೇ ಬಗ್ಗಿ ಚೆಂಡು ಕಸಿಯಬೇಕು, ಅಂದರೆ ರಿವರ್ಸ್ ಟ್ಯಾಕಲ್ ಮಾಡಬೇಕು, ಇಲ್ಲವೇ ಕಾಲಿನ ವೇಗದಿಂದ ಸುತ್ತು ಹಾಕಿ ಅವನು ಗೆರೆಯ ಹೊರಗೆ ಸರಿಯುವಂತೆ ಮಾಡಬೇಕು. ಕಷ್ಟದ ಜಾಗ, ಹಾಗಾಗಿ ಪೈಪೋಟಿ ಕಡಿಮೆ. ಮನೆಯಲ್ಲಿ ಎಡಗೈಯಲ್ಲಿ ಊಟ ಮಾಡುತ್ತಾನೆಂದು ಬೈಸಿಕೊಳ್ಳುವ ಮಕ್ಕಳನ್ನು ನಾನು ಹುಡುಕಿ ಹುಡುಕಿ ಅಲ್ಲಿ ನಿಲ್ಲಿಸುತ್ತೇನೆ. ಸ್ಟಿಕ್ಕಿನ ತುದಿಯನ್ನು ಹಿಡಿದು ತಿರುಗಿಸುವ ಕೈ ಎಡಗೈಯೇ ಅಲ್ಲವೇ?

ಗೋಲಿನ ಮುಂದೆ ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಕಾರ್ನರ್‌ನದೂ ಇದೇ ಕಥೆ. ಎಲ್ಲರಿಗೂ ಡ್ರ್ಯಾಗ್ ಫ್ಲಿಕ್ ಬೇಕು, ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಚಿಮ್ಮಿಸುವ ಹೊಡೆತ. ಹದಿಮೂರರ ಬೆನ್ನುಮೂಳೆಗೆ ದಿನಕ್ಕೆ ಐವತ್ತು ಡ್ರ್ಯಾಗ್ ಫ್ಲಿಕ್ ಬೇಡವೇ ಬೇಡ ಎಂಬುದು ನನ್ನ ಹಟ. ಆದರೆ ಗೋಲ್‌ಪೋಸ್ಟಿನಿಂದ ಹತ್ತು ಮೀಟರ್ ದೂರದಲ್ಲಿ, ಹಿಂಬದಿಯ ಗೆರೆಯ ಮೇಲಿಂದ ಚೆಂಡನ್ನು ನೆಟ್ಟಗೆ, ಪುಟಿಯದಂತೆ, ಪ್ರತಿ ಸಲವೂ ಒಂದೇ ಜಾಗಕ್ಕೆ ತಳ್ಳುವವನು ಬೇಕು. ಗೋಲಿನ ಮುಂದಿನ ಅರೆವೃತ್ತದ, ಅಂದರೆ ಡಿ ಗೆರೆಯ ಆಚೆ ಅದನ್ನು ಸತ್ತಂತೆ ನಿಲ್ಲಿಸುವವನೂ ಬೇಕು. ಈ ಎರಡು ಕೆಲಸಕ್ಕೆ ಎತ್ತರ ಬೇಡ, ತೋಳ್ಬಲವೂ ಅಷ್ಟಾಗಿ ಬೇಡ. ನಮ್ಮ ಗುಂಪಿನ ಅತ್ಯಂತ ಪುಟ್ಟ ಹುಡುಗ ಜಿಲ್ಲಾ ತಂಡಕ್ಕೆ ಹೋದದ್ದು ಇದರ ಮೇಲೆಯೇ. ಗೋಲ್‌ಕೀಪರ್‌ಗಳ ವಿಷಯದಲ್ಲಿ ಒಂದೇ ಮಾತು: ಅವರ ಸರಂಜಾಮಿಗೆ ಹಣ ಹೊಂದಿಸುವುದೇ ಅರ್ಧ ತಯಾರಿ, ಉಳಿದರ್ಧ ಕೂಗಿ ಹೇಳುವ ಗಂಟಲು.

ಕೆಲವು ಮಕ್ಕಳಿಗೆ ಇದ್ಯಾವುದೂ ಸಹಾಯಕ್ಕೆ ಬರುವುದಿಲ್ಲ. ವಯಸ್ಸಿನ ಲೆಕ್ಕ ಹಾಗಿದೆ. ಶಾಲಾ ಕ್ರೀಡಾಕೂಟದಲ್ಲಿ 14, 17, 19 ವರ್ಷದೊಳಗಿನವರೆಂದು ವಿಭಾಗಗಳಿವೆ. ಗಡಿಯ ಈಚೆ ಹುಟ್ಟಿದವನಿಗೂ ವರ್ಷದ ಆ ತುದಿಯಲ್ಲಿ ಹುಟ್ಟಿದವನಿಗೂ ಹನ್ನೊಂದು ತಿಂಗಳ ಅಂತರವಿದ್ದರೂ ನಿಲ್ಲಬೇಕಾದದ್ದು ಒಂದೇ ಸಾಲಿನಲ್ಲಿ. ಹದಿಮೂರನೆಯ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ನಾಲ್ಕು ಬೆರಳು ಎತ್ತರ. ಕೆನಡಾದ ಮನಃಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲಿ ಅಲ್ಲಿನ ಐಸ್ ಹಾಕಿ ತಂಡಗಳನ್ನು ನೋಡಿ, ಆಯ್ಕೆಯಾದ ಮಕ್ಕಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ವಿಪರೀತ ಹೆಚ್ಚಿರುವುದನ್ನು ತೋರಿಸಿದರು. ನಮ್ಮಲ್ಲಿ ಅಂಥ ಎಣಿಕೆ ಮಾಡಲು ಹೊರಟರೆ ಎಲ್ಲರೂ ಜೂನ್ 1ಕ್ಕೆ ಹುಟ್ಟಿದವರೇ ಸಿಗಬಹುದು. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ತಾರೀಖು ಅದು. ನನ್ನದೂ ಜೂನ್ 1. ತಮಾಷೆ ಹಾಗಿರಲಿ, ಚಿಕ್ಕ ಹುಡುಗ ಪಟ್ಟಿಯಲ್ಲಿಲ್ಲದಿದ್ದರೆ ಅವನ ಅಪ್ಪನಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸುತ್ತೇನೆ. ಬಾಯಿಮಾತಿನ ಸಮಾಧಾನವನ್ನು ಅವರು ನಂಬುವುದಿಲ್ಲ, ಲೆಕ್ಕವನ್ನು ನಂಬುತ್ತಾರೆ.

ಆ ದಿನದ ಮಟ್ಟಿಗೆ ಹೇಳುವುದು ಕಡಿಮೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ಬೋನಾಫೈಡ್, ಫೋಟೊ, ಇವು ಹಿಂದಿನ ರಾತ್ರಿಯೇ ಚೀಲದಲ್ಲಿರಲಿ. ಹೊಸ ಶೂ ಆ ದಿನ ಬೇಡ. ಏಳಕ್ಕೆ ಬರಹೇಳಿ ಹನ್ನೊಂದಕ್ಕೆ ಆಡಿಸುವುದು ಮಾಮೂಲು. ಹಾಗಾಗಿ ಅವಲಕ್ಕಿ, ಬಾಳೆಹಣ್ಣು, ಚಪಾತಿಯ ಸುರುಳಿ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿರಬೇಕು. ಒಬ್ಬ ತಾಯಿ ಮಗನ ಬಲಕ್ಕೆಂದು ಶೇಂಗಾ ಹೋಳಿಗೆ ಕಟ್ಟಿ ಕಳಿಸಿದ್ದರು. ನಾಲ್ಕು ತಿಂದು ಓಡಿದ ಹುಡುಗನ ಸ್ಥಿತಿ ಹೇಳುವುದು ಬೇಡ. ಉಳಿದವನ್ನು ಆಯ್ಕೆಯ ಬಳಿಕ ನಾವೆಲ್ಲ ಹಂಚಿಕೊಂಡೆವು, ಚೆನ್ನಾಗಿದ್ದವು. ಅಪ್ಪಂದಿರಿಗೆ ಬೇಲಿಯಿಂದ ದೂರ ನಿಲ್ಲಿ ಎನ್ನುತ್ತೇನೆ. ಕೂಗುವ ಅಪ್ಪನ ಮಗ ಚೆಂಡಿಗಿಂತ ಬೇಲಿಯನ್ನೇ ಹೆಚ್ಚು ನೋಡುತ್ತಾನೆ.

ಕೊನೆಗೆ ಎಲ್ಲರೂ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ: "ವಶೀಲಿ ಇಲ್ಲದೆ ಆಗುತ್ತದೆಯೇ ಸರ್?" ಇಲ್ಲವೇ ಇಲ್ಲ ಎಂದು ಆಣೆ ಮಾಡುವಷ್ಟು ಮುಗ್ಧ ನಾನಲ್ಲ. ಹದಿನೆಂಟು ಜಾಗಗಳಲ್ಲಿ ಒಂದೆರಡು ಮೊದಲೇ ತುಂಬಿದ್ದ ಪಟ್ಟಿಗಳನ್ನೂ ನೋಡಿದ್ದೇನೆ. ಅಷ್ಟಾದರೂ ಉಳಿದ ಜಾಗಗಳಿಗೆ ಆಡುವವರೇ ಬೇಕು, ಇಲ್ಲದಿದ್ದರೆ ಮುಂದಿನ ಸುತ್ತಿನಲ್ಲಿ ಮಾನ ಹೋಗುವುದು ಪಟ್ಟಿ ಮಾಡಿದವರದೇ. ಆ ಉಳಿದ ಜಾಗಗಳಿಗಾಗಿ ನಾವು ಬೆವರು ಸುರಿಸುತ್ತಿರುವುದು ಎಂದು ನೇರವಾಗಿ ಹೇಳುತ್ತೇನೆ. ಕೇಳಿದವರಿಗೆ ಈ ಉತ್ತರ ಹಿಡಿಸುವುದಿಲ್ಲ, ಆದರೂ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿಲ್ಲ.

ಪಾರ್ಕಿಂಗ್‌ನಲ್ಲಿ ಚೆಂಡು ನಿಲ್ಲಿಸಲು ಕಲಿತ ಆ ಬಾಗಲಕೋಟೆಯ ಹುಡುಗಿ ಈ ವರ್ಷ ವಿಭಾಗ ಮಟ್ಟದ ಆಯ್ಕೆಯಲ್ಲಿ ಹೆಚ್ಚುವರಿ ಆಟಗಾರರ (ರಿಸರ್ವ್) ಪಟ್ಟಿಯಲ್ಲಿ ನಿಂತಳು. ಫಾರ್ವರ್ಡ್ ಎಂದೇ ಬರೆದಿದ್ದಳು. ಅಲ್ಲಿ ಅವಳಿಗಿಂತ ವೇಗದವರು ಬೇಕಾದಷ್ಟಿದ್ದರು. ಈಗ ಲೆಫ್ಟ್ ಹಾಫ್‌ಗೆ ಬರುತ್ತೇನೆ ಎನ್ನುತ್ತಿದ್ದಾಳೆ, ತಾನಾಗಿಯೇ. ಆದರೆ ಅವಳೀಗ ಒಂಬತ್ತನೆಯ ತರಗತಿ. ಬರುವ ವರ್ಷ ಎಸ್‌ಎಸ್‌ಸಿ ಎಂದು ಅವಳ ತಂದೆಗೆ ಈಗಲೇ ಎದೆಬಡಿತ ಶುರುವಾಗಿದೆ. ಟ್ಯೂಷನ್ ಸಂಜೆ ಐದಕ್ಕೆ, ನಮ್ಮ ಆಟವೂ ಐದಕ್ಕೆ. ಮಹಾರಾಷ್ಟ್ರ ಬೋರ್ಡ್ ಆಟಗಾರರಿಗೆ ಹತ್ತನೆಯ ಪರೀಕ್ಷೆಯಲ್ಲಿ ಕ್ರೀಡಾ ಕೃಪಾಂಕ ಕೊಡುತ್ತದೆ, ರಾಜ್ಯ ಮಟ್ಟಕ್ಕೆ ಹೋದರೆ ಅದೂ ಸೇರುತ್ತದಲ್ಲ ಎಂದು ನಾನು ಲೆಕ್ಕ ಮುಂದಿಟ್ಟೆ. "ಆಯ್ಕೆಯಾದರೆ ತಾನೇ ಸರ್?" ಎಂದರು. ಅದಕ್ಕೆ ನನ್ನ ಬಳಿ ಲೆಕ್ಕವಿಲ್ಲ. ಬೆಳಿಗ್ಗೆ ಆರರಿಂದ ಏಳರವರೆಗೆ ಪಾರ್ಕಿಂಗ್ ಖಾಲಿ ಇರುತ್ತದೆ, ಕಾವಲುಗಾರನನ್ನು ಒಪ್ಪಿಸುವುದು ನನಗೆ ಬಿಡಿ ಎಂದೆ. ದೀಪಾವಳಿ ಕಳೆಯಲಿ, ನೋಡೋಣ ಎಂದಿದ್ದಾರೆ. ಅಷ್ಟರೊಳಗೆ ಅವಳ ರಿವರ್ಸ್ ಟ್ಯಾಕಲ್ ಒಂದು ಹದಕ್ಕೆ ಬರಬೇಕು. ಈಗಿನ್ನೂ ಎದುರಾಳಿಯ ಕಾಲಿಗೇ ಬೀಳುತ್ತಿದೆ.